ಶನಿವಾರದ ಕೂಟ ಮತ್ತು ಅಶ್ವಸೇನನ ಪಾತ್ರ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳದ ಕಲಾವಿದರು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಪುತ್ತೂರು ಸೀಮೆಯಲ್ಲಿ ತಾಳಮದ್ದಲೆಯ ಕಾಲ ಆರಂಭವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ನಮ್ಮೂರ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ನಡೆಯುವ ವಾರದ ಕೂಟಕ್ಕೆ ನಾನು ಹೈಸ್ಕೂಲಿನ ದಿನಗಳಿಂದಲೂ ಹೋಗುತ್ತಿದ್ದೇನೆ. ಕಳೆದ ಮಳೆಗಾಲದ ಆಟಿ ತಿಂಗಳ ಒಂದು ಶನಿವಾರ ‘ಕೃಷ್ಣ ಸಂಧಾನ’ ಪ್ರಸಂಗಕ್ಕೆ ಸೇರಿದವರು ಏಳೇ ಮಂದಿ. ಭಾಗವತರು, ಮದ್ದಲೆಯವರು, ಚಕ್ರತಾಳದವರು ಮತ್ತು ನಾವು ಮೂವರು ಅರ್ಥಧಾರಿಗಳನ್ನು ಬಿಟ್ಟರೆ ಕೇಳುವುದಕ್ಕೆಂದೇ ಬಂದವರು ಒಬ್ಬರು. ಮಳೆಯ ತೇವಕ್ಕೆ ಇಳಿದಿದ್ದ ಮದ್ದಲೆಯ ಶ್ರುತಿ ಏರುವವರೆಗೆ ನಾವೆಲ್ಲ ಬಾಗಿಲ ಕಡೆಗೇ ನೋಡುತ್ತಾ ಕುಳಿತಿದ್ದೆವು.

ತಾಳಮದ್ದಲೆಗೆ ಜನ ಕಡಿಮೆಯಾಗಿಲ್ಲ ಎನ್ನುವವರಿದ್ದಾರೆ. ಪ್ರಸಿದ್ಧ ಅರ್ಥಧಾರಿಗಳು ಸೇರುವ ದೊಡ್ಡ ಕೂಟಗಳಿಗೆ ಸಭಾಭವನ ತುಂಬುವುದೂ ನಿಜ, ಯೂಟ್ಯೂಬಿನಲ್ಲಿ ನೇರಪ್ರಸಾರವನ್ನು ನೋಡುವವರು ದೂರದೇಶಗಳಲ್ಲಿರುವುದೂ ನಿಜ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ಮಾತನ್ನು ಧ್ವನಿಮುದ್ರಣದಲ್ಲಿ ಇಂದಿಗೂ ಮನೆಯಲ್ಲೇ ಕುಳಿತು ಕೇಳಬಹುದೆಂಬುದು ನಮ್ಮ ಭಾಗ್ಯ. ಆದರೆ ವಾರದ ಕೂಟ ಇದ್ದದ್ದು ಕೇಳುವುದಕ್ಕಷ್ಟೇ ಅಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ, ಅಂದರೆ ಪಾತ್ರದ ಮಾತು, ಬರೆದಿರುವುದಿಲ್ಲ. ಅದನ್ನು ಕಲಿಯಬೇಕಾದರೆ ಬಲ್ಲವರ ಎದುರು ಕುಳಿತು, ತಪ್ಪುತ್ತಾ ತಡವರಿಸುತ್ತಾ ಮಾತನಾಡಲೇಬೇಕು.

ನಾನು ಮೊದಲು ಅರ್ಥ ಹೇಳಿದ್ದು ‘ಕರ್ಣಪರ್ವ’ದ ಅಶ್ವಸೇನನಾಗಿ. ಆ ದಿನ ಆ ಪಾತ್ರ ಹೇಳಬೇಕಾದವರು ಬಂದಿರಲಿಲ್ಲವಾದ್ದರಿಂದ ಹಿಂದೆ ಗೋಡೆಗೊರಗಿ ಕುಳಿತಿದ್ದ ನನ್ನನ್ನು ಕರೆದು ಕೂರಿಸಿದರು. ಅರ್ಜುನ ಖಾಂಡವವನವನ್ನು ಸುಟ್ಟಾಗ ತಾಯಿಯನ್ನು ಕಳೆದುಕೊಂಡು, ಈಗ ಗುರಿ ತಪ್ಪಿ ಮರಳಿ ಬಂದ ಸರ್ಪವು ತನ್ನನ್ನು ಇನ್ನೊಮ್ಮೆ ಬಾಣವಾಗಿ ತೊಡೆಂದು ಕರ್ಣನನ್ನು ಬೇಡುವ ಸಣ್ಣ ಪಾತ್ರವದು. ಎರಡು ವಾಕ್ಯ ಹೇಳುವಷ್ಟರಲ್ಲಿ ನನ್ನ ಮಾತು ನಿಂತಿತು. ಕರ್ಣನ ಅರ್ಥ ಹೇಳುತ್ತಿದ್ದ ಹಿರಿಯರು ಕರ್ಣನಾಗಿಯೇ ಉಳಿದು, ‘ಅರ್ಜುನನ ಮೇಲೆ ನಿನಗೇಕೆ ಇಷ್ಟು ಹಗೆ? ಖಾಂಡವದಲ್ಲಿ ನಿನ್ನ ತಾಯಿಗೆ ಏನಾಯಿತು?’ ಎಂದು ಕೇಳಿದರು. ಆ ಪ್ರಶ್ನೆಯಿಂದ ನನಗೆ ದಾರಿ ಸಿಕ್ಕಿತು. ಬೆಂಕಿ, ತಾಯಿ, ಬಾಣ ಎಂದು ನಾನು ಒಂದೊಂದೇ ಹೇಳುತ್ತಾ ಹೋದಂತೆ ಅವರು ಮುಂದಿನ ಪ್ರಶ್ನೆಯಿಂದ ನನ್ನನ್ನು ಮುಂದಕ್ಕೆ ನಡೆಸಿದರು. ಕೇಳುತ್ತಿದ್ದವರಿಗೆ ಅದು ಪಾಠವೆಂದು ತಿಳಿದಿರಲಾರದು. ಇಂಥ ಪಾಠವನ್ನು ಯಾವ ಧ್ವನಿಮುದ್ರಣವೂ ಕೊಡಲಾರದು, ಏಕೆಂದರೆ ಅದು ನಮ್ಮನ್ನು ಏನನ್ನೂ ಕೇಳುವುದಿಲ್ಲ.

ಮಕ್ಕಳು ಓದು, ಉದ್ಯೋಗವೆಂದು ಮಂಗಳೂರು, ಬೆಂಗಳೂರು ಸೇರಿದ್ದು ಜನ ಕಡಿಮೆಯಾಗಲು ಒಂದು ಕಾರಣವೆಂಬುದು ಎಲ್ಲರಿಗೂ ಗೊತ್ತಿದೆ. ನಮ್ಮ ತಪ್ಪನ್ನೂ ಹೇಳಬೇಕು. ವಾರ್ಷಿಕೋತ್ಸವಕ್ಕೆ ಅತಿಥಿ ಕಲಾವಿದರನ್ನು ಕರೆಸಿ ಊರಿನವರನ್ನು ಕೇವಲ ಕೇಳುಗರನ್ನಾಗಿಸಿದೆವು. ಅದಕ್ಕಿಂತ ಹೆಚ್ಚಾಗಿ, ಕೃಷ್ಣ, ಕೌರವ, ಕರ್ಣ ಎಂದು ವರ್ಷವಿಡೀ ನಾವೇ ಹಂಚಿಕೊಂಡು, ಅರ್ಧ ಗಂಟೆಯ ಪೀಠಿಕೆ ಹೇಳಿ, ದೂತ, ಸಾರಥಿಗಳ ಪಾತ್ರಗಳನ್ನು ಸಮಯವಿಲ್ಲವೆಂದು ಬಿಟ್ಟುಬಿಟ್ಟೆವು. ಹೊಸಬನಿಗೆ ಕೂರಲು ಜಾಗವಿದ್ದದ್ದು ಆ ಸಣ್ಣ ಪಾತ್ರಗಳಲ್ಲಿಯೇ. ನಮ್ಮ ಜಿಲ್ಲೆಯ ಮಹಿಳಾ ತಾಳಮದ್ದಲೆ ಸಂಘಗಳನ್ನು ನೋಡಿದಾಗ ನನಗೆ ಸಂತೋಷವೂ ಸ್ವಲ್ಪ ನಾಚಿಕೆಯೂ ಆಗುತ್ತದೆ: ನಾನು ಕೇಳಿದ ಅವರ ಒಂದು ಕೂಟದಲ್ಲಿ ಮೊದಲ ಬಾರಿ ಅರ್ಥ ಹೇಳುವವರಿಗೆ ಬೇಕಾದಷ್ಟು ಸಮಯ ಕೊಟ್ಟಿದ್ದರು.

ಈ ವರ್ಷ ಪೀಠಿಕೆಗೆ ಹತ್ತು ನಿಮಿಷವೆಂದು ಮಿತಿ ಹಾಕಿಕೊಂಡಿದ್ದೇವೆ, ಯಾವ ಸಣ್ಣ ಪಾತ್ರವನ್ನೂ ಬಿಡುವುದಿಲ್ಲವೆಂದು ಒಪ್ಪಿಕೊಂಡಿದ್ದೇವೆ. ಬರುವ ಶನಿವಾರ ‘ಕರ್ಣಪರ್ವ’. ಕರ್ಣನ ಅರ್ಥ ನನ್ನದು. ನೆರೆಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಅಶ್ವಸೇನನ ಪದ್ಯಗಳನ್ನು ಬರೆದು ಕೊಟ್ಟಿದ್ದೇನೆ, ಬರುತ್ತೇನೆಂದು ಹೇಳಿದ್ದಾಳೆ.