ಮತದಾನದ ದಿನ, ಸೆಕ್ಟರ್ 14

ಬೆಳಿಗ್ಗೆ ಒಂಬತ್ತೂವರೆಗೆ ಶುರು, ಹನ್ನೊಂದಕ್ಕೆ ಮುಗಿಯಿತು. ಚಂಡೀಗಢದ ಸೆಕ್ಟರ್ 14ರಲ್ಲಿರುವ ಪಂಜಾಬ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಲು ಸಿಗುವುದು ಆ ಒಂದೂವರೆ ಗಂಟೆ ಮಾತ್ರ. ಮತದಾರರು ಹತ್ತಿರಹತ್ತಿರ 16 ಸಾವಿರ. ಸೆಪ್ಟೆಂಬರ್ ತಿಂಗಳು, ಮಳೆಗಾಲದ ಬಾಲ; ಎಂಟು ಗಂಟೆಗೇ ಅಂಗಿ ಬೆನ್ನಿಗೆ ಅಂಟುವಷ್ಟು ಸೆಖೆ. ಸ್ಟೂಡೆಂಟ್ ಸೆಂಟರ್ ಅನ್ನೋ ಗುಂಡನೆಯ ಕಟ್ಟಡದ ಸುತ್ತ, ಅಂದರೆ ಅಲ್ಲಿನವರ ಬಾಯಲ್ಲಿ 'ಸ್ಟು-ಸಿ' ಸುತ್ತ, ವಾರವಿಡೀ ಗಂಟಲು ಹರಿಯುವಂತೆ ಕೂಗಿದ ಹುಡುಗರು ಈ ಬೆಳಿಗ್ಗೆ ಪಿಸುಮಾತಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ.

ಈ ದಿನವನ್ನು ಪಂಜಾಬಿ ಸಿನಿಮಾ ಬಹಳ ಪ್ರೀತಿಯಿಂದ ತೆರೆಗೆ ತಂದಿದೆ. 2013ರಲ್ಲಿ ಬಂದ ಜತಿಂದರ್ ಮೌಹರ್ ನಿರ್ದೇಶನದ 'ಸಿಕಂದರ್'ನಲ್ಲಿ ಕತೆ ನಿಂತಿರುವುದೇ ವಿದ್ಯಾರ್ಥಿ ರಾಜಕಾರಣದ ಮೇಲೆ. ಈ ಬಗೆಯ ಚಿತ್ರಗಳಲ್ಲಿ ಬುಲೆಟ್ ಸೈಲೆನ್ಸರಿನ ಪಟಾಕಿ ಸದ್ದು, ಬಿಳಿ ಕುರ್ತಾ, ಜೀಪಿನ ಮೇಲೆ ನಿಂತ ನಾಯಕ, ಹಾಸ್ಟೆಲ್ ಮೆಟ್ಟಿಲ ಮೇಲೆ ಹೊಡೆದಾಟ, ಹಿಂದೆ ಒಂದು ಹಾಡು ಎಲ್ಲ ಇರುತ್ತವೆ. ಅದರಲ್ಲಿ ಸುಳ್ಳೇನೂ ಇಲ್ಲ. ಸಂಜೆಯಾದರೆ ಸೆಕ್ಟರ್ 8ರಿಂದ 11ರವರೆಗಿನ ರಸ್ತೆಗಳಲ್ಲಿ ಗಾಡಿ ಹತ್ತಿ ಸುಮ್ಮನೆ ಸುತ್ತು ಹೊಡೆಯುವ 'ಗೇಡಿ' ಇಂದಿಗೂ ಇದೆ. ಕ್ಯಾಂಪಸ್ ಜಗಳದಲ್ಲಿ ಶುರುವಾದ ಕೆಲವರ ಬದುಕು ಗ್ಯಾಂಗುಗಳಲ್ಲಿ ಮುಗಿದದ್ದೂ ನಿಜ. ಆದರೆ ಗೆಲುವು ಹುಟ್ಟುವ ಜಾಗ ಬೇರೆ. ಅದು ಹುಟ್ಟುವುದು ವಿಭಾಗವಾರು ಪಟ್ಟಿಯಲ್ಲಿ, ರಾತ್ರಿ ಹನ್ನೊಂದರ ಮೆಸ್ಸಿನ ಮೇಜಿನ ಮೇಲೆ. ಕ್ಯಾಮೆರಾ ಅಲ್ಲಿಗೆ ಹೋಗುವುದು ಕಡಿಮೆ.

ಎಲ್ಲ ಬಿಟ್ಟು ಚಂಡೀಗಢವೇ ಏಕೆ ಅನ್ನುವುದಕ್ಕೆ ಕಾರಣವಿದೆ. ಪಂಜಾಬ್ ರಾಜ್ಯದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಉಗ್ರವಾದದ ಆ ಕೆಟ್ಟ ಕಾಲದಲ್ಲಿ, 1984ರ ಹೊತ್ತಿಗೆ, ವಿದ್ಯಾರ್ಥಿ ಚುನಾವಣೆ ನಿಂತುಹೋಯಿತು. ಚಂಡೀಗಢ ಕೇಂದ್ರಾಡಳಿತ ಪ್ರದೇಶ, ಇಲ್ಲಿ ಚುನಾವಣೆ ಇಂದಿಗೂ ನಡೆಯುತ್ತದೆ. ನಮ್ಮ ಕರ್ನಾಟಕದಲ್ಲೂ ಎಂಬತ್ತರ ದಶಕದ ಕೊನೆಗೆ ಬಾಗಿಲು ಹಾಕಿದ್ದು ಹಾಕಿದ್ದೇ, ಹಾಗಾಗಿ ಮತಪೆಟ್ಟಿಗೆ ಇರುವ ಕ್ಯಾಂಪಸ್ ಹೇಗಿರುತ್ತದೆ ಎಂಬುದು ನಮ್ಮ ಹುಡುಗರಿಗೆ ಕಂಡೇ ಇಲ್ಲ. ಪಂಜಾಬಿನ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. 1972ರ ಅಕ್ಟೋಬರಿನಲ್ಲಿ ಮೋಗಾದ ರೀಗಲ್ ಚಿತ್ರಮಂದಿರದಲ್ಲಿ ಟಿಕೆಟ್ ಕಾಳಸಂತೆಯ ವಿರುದ್ಧ ವಿದ್ಯಾರ್ಥಿಗಳು ನಿಂತರು, ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು, ಚಳವಳಿ ರಾಜ್ಯವಿಡೀ ಹಬ್ಬಿತು. ಸಿನಿಮಾ ಟಿಕೆಟ್ಟಿನಿಂದ ಒಂದು ಪೀಳಿಗೆಯ ರಾಜಕಾರಣ ಹೊತ್ತಿಕೊಂಡ ನಾಡು ಅದು. ಈ ಕತೆಯನ್ನು ಪಂಜಾಬಿ ಸಿನಿಮಾ ತನ್ನದೇ ಮನೆಯ ಕತೆಯೆಂದು ಹೇಳಬೇಕು ಅನಿಸುತ್ತದೆ.

ಮತದಾನದ ದಿನದ ಬೆಳಿಗ್ಗೆ ಮೊದಲು ಕಣ್ಣಿಗೆ ಬೀಳುವುದು ಚಿಟ್. ಬೆರಳುದ್ದದ ಕಾಗದದ ತುಂಡು, ಮೇಲೆ ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಪಕ್ಷದ ಹೆಸರು. ಪ್ರಚಾರದ ದಿನಗಳಲ್ಲಿ ಹಿಡಿಹಿಡಿಯಾಗಿ ಗಾಳಿಗೆ ತೂರುತ್ತಾರೆ. ಅದು ಚಪ್ಪಲಿಗೆ ಅಂಟುತ್ತದೆ, ಕಾರಿಡಾರಿನ ಮೂಲೆಯಲ್ಲಿ ಒದ್ದೆಯಾಗಿ ಕೊಳೆಯುತ್ತದೆ, ಗುಡಿಸುವವರು ಗುಡಿಸಿದಷ್ಟೂ ಮುಗಿಯುವುದಿಲ್ಲ. ನಿಯಮದ ಪ್ರಕಾರ ಅದು ಇರಲೇಬಾರದು. 2006ರಲ್ಲಿ ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಲಿಂಗ್ಡೋ ಸಮಿತಿ ಕೊಟ್ಟು, ಸುಪ್ರೀಂ ಕೋರ್ಟು ಜಾರಿಗೆ ತಂದ ಶಿಫಾರಸಿನಲ್ಲಿ ಮುದ್ರಿತ ಪೋಸ್ಟರು, ಕರಪತ್ರಕ್ಕೆ ಅವಕಾಶವಿಲ್ಲ. ಕೈಯಲ್ಲೇ ಬರೆದ ಪೋಸ್ಟರು, ಅದೂ ಗೊತ್ತುಮಾಡಿದ ಜಾಗದಲ್ಲಿ. ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 5,000 ರೂಪಾಯಿ. ಧ್ವನಿವರ್ಧಕ, ವಾಹನ, ಪ್ರಾಣಿಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ. ಅಭ್ಯರ್ಥಿಗೆ ಹಾಜರಾತಿ ಶೇ 75 ಇರಬೇಕು, ಪಾಸಾಗದ ವಿಷಯ ಉಳಿದಿರಬಾರದು, ಸಂಶೋಧನಾ ವಿದ್ಯಾರ್ಥಿಯಾದರೆ ವಯಸ್ಸು 28 ದಾಟಿರಬಾರದು. ಮತದಾನದ ದಿನ ನೀರು ಬಿಟ್ಟು ತಿನ್ನುವ, ಕುಡಿಯುವ ಏನನ್ನೂ ಹಂಚುವಂತಿಲ್ಲ. ಹಂಚುವ ಗುರುತಿನ ಚೀಟಿ ಕೂಡ ಬರೀ ಬಿಳಿ ಕಾಗದವಾಗಿರಬೇಕು, ಹೆಸರಾಗಲಿ ಚಿಹ್ನೆಯಾಗಲಿ ಅದರ ಮೇಲೆ ಇರಕೂಡದು.

ಐದು ಸಾವಿರದ ಮಿತಿ ಎಲ್ಲಿ ಸೋರುತ್ತದೆ ಎಂದು ಹುಡುಕಿದರೆ ಉತ್ತರ ಜುಲೈ, ಆಗಸ್ಟ್ ತಿಂಗಳಲ್ಲಿ ಸಿಗುತ್ತದೆ. ಆಗ ಯಾರೂ ಅಭ್ಯರ್ಥಿಯಲ್ಲ, ಯಾವ ಲೆಕ್ಕವೂ ಯಾರ ಹೆಸರಿಗೂ ಹತ್ತುವುದಿಲ್ಲ. ಹೊಸದಾಗಿ ಸೇರಿದವರನ್ನು ಸಿನಿಮಾಕ್ಕೆ, ಕಸೌಲಿಯ ಪ್ರವಾಸಕ್ಕೆ, ಫ್ರೆಶರ್ಸ್ ಪಾರ್ಟಿಗೆ ಕರೆದೊಯ್ಯುವುದು ಆಗಲೇ. ಮೊದಲ ವರ್ಷದ ಹುಡುಗನಿಗೆ ಹಾಸ್ಟೆಲ್ ಅರ್ಜಿ ತುಂಬಿಸಿಕೊಟ್ಟು, ಶುಲ್ಕದ ಸಾಲಿನಲ್ಲಿ ಜೊತೆಗೆ ನಿಂತು, ಊಟ ಎಲ್ಲಿ ಚೆನ್ನಾಗಿದೆ ಎಂದು ಹೇಳಿಕೊಟ್ಟ ಸೀನಿಯರ್ ಅವನಿಗೆ 'ಬಾಯಿ' ಆಗಿಬಿಡುತ್ತಾನೆ. ಪಂಜಾಬಿಯಲ್ಲಿ ಬಾಯಿ ಎಂದರೆ ಅಣ್ಣ. ಆ ಅಣ್ಣನ ಮಾತನ್ನು ತೆಗೆದುಹಾಕುವುದು ಕಷ್ಟ. ಈ ಕೆಲಸವನ್ನು ಮನಸ್ಸಿಟ್ಟು ಮಾಡಿದವನು ಪ್ರವಾಸಕ್ಕೆ ಬಸ್ಸು ಮಾಡಿದವನಿಗಿಂತ ಹೆಚ್ಚು ಮತ ತರುತ್ತಾನೆ.

ಒಂಬತ್ತೂವರೆಗೆ ಮತಗಟ್ಟೆಯಾಗುವುದು ಆಯಾ ವಿಭಾಗದ ತರಗತಿ ಕೋಣೆಯೇ. ಗುರುತಿನ ಚೀಟಿ ತೋರಿಸಿ, ಪಟ್ಟಿಯಲ್ಲಿ ಹೆಸರು ಗುರುತಿಸಿಕೊಂಡು ಒಳಗೆ ಹೋದವರು ಕೌನ್ಸಿಲಿನ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಹೀಗೆ ನಾಲ್ಕು ಹುದ್ದೆಗೆ ಮತ ಹಾಕಬೇಕು. ಅದಲ್ಲದೆ ತಮ್ಮ ವಿಭಾಗದ ಪ್ರತಿನಿಧಿಗೂ ಹಾಕಬೇಕು, ಆತನನ್ನು ಎಲ್ಲರೂ ಕರೆಯುವುದು ಡಿಆರ್ ಎಂದೇ. ಯಾರೂ ಬೇಡವೆನ್ನುವವರಿಗೆ ನೋಟಾ ಇದೆ. ಹಾಸ್ಟೆಲ್ಲಿನವರು ನಡೆದು ಬಂದರೆ ಆಯಿತು. ಮೊಹಾಲಿ, ಪಂಚಕುಲಾದಿಂದ ಓಡಾಡುವವರು ಇವತ್ತು ರಜೆ ಎಂದುಕೊಂಡು ಮನೆಯಲ್ಲಿ ಉಳಿದರೆ ಆ ಮತ ಕೈಬಿಟ್ಟಂತೆ. ಹತ್ತು ಗಂಟೆಗೆ ಪ್ರತಿ ವಿಭಾಗದ ಹೊರಗೂ ಒಬ್ಬ ಫೋನು ಹಿಡಿದು ಬಾರದವರ ಹೆಸರು ಓದುತ್ತಿರುತ್ತಾನೆ. ಸೆಕ್ಟರ್ 25ರ ಎಂಜಿನಿಯರಿಂಗ್ ಸಂಸ್ಥೆ ಯುಐಇಟಿಯಲ್ಲಿ ಮತದಾರರು ಬಹಳ. ಅಲ್ಲಿ ಹತ್ತು ನಿಮಿಷ ತಡವಾದರೆ ಸಣ್ಣ ವಿಭಾಗ ಒಂದನ್ನೇ ಕಳೆದುಕೊಂಡ ಹಾಗೆ.

ಎಡವಟ್ಟಾಗುವುದು ಮೈತ್ರಿಯಲ್ಲಿ. ಒಬ್ಬರಿಗೇ ನಾಲ್ಕು ಹುದ್ದೆ ಗೆಲ್ಲುವ ಬಲವಿರುವುದಿಲ್ಲ, ಹಾಗಾಗಿ ಪಕ್ಷಗಳು ಸೇರಿ 'ಪ್ಯಾನೆಲ್' ಮಾಡುತ್ತವೆ: ಅಧ್ಯಕ್ಷ ನಮಗೆ, ಕಾರ್ಯದರ್ಶಿ ನಿಮಗೆ. ಕಾಗದದ ಮೇಲೆ ಮತಗಳು ಕೂಡುತ್ತವೆ, ಪೆಟ್ಟಿಗೆಯಲ್ಲಿ ಕೂಡುವುದಿಲ್ಲ. ನಾಲ್ಕು ಹುದ್ದೆಗೂ ಬೇರೆಬೇರೆ ಗುರುತು ಹಾಕಬೇಕಾದ್ದರಿಂದ ಮತದಾರ ಒಂದು ಕಡೆ ಪಕ್ಷ ನೋಡುತ್ತಾನೆ, ಇನ್ನೊಂದು ಕಡೆ ತನ್ನ ಜಿಲ್ಲೆಯವನನ್ನು, ಮತ್ತೊಂದು ಕಡೆ ತನ್ನ ವಿಭಾಗದವಳನ್ನು. ಪಂಜಾಬಿನದೇ ಮೂರು ಸೀಮೆಗಳಾದ ಮಾಲ್ವಾ, ಮಾಝಾ, ದೋಆಬಾದವರ ಜೊತೆಗೆ ಹರಿಯಾಣದವರು, ಹಿಮಾಚಲದವರು ಇದ್ದಾರೆ. ಪ್ಯಾನೆಲ್ಲಿನಲ್ಲಿ ಒಂದು ಕಡೆಯವರು ಬಿಟ್ಟುಹೋದರೆ ಆ ಹಾಸ್ಟೆಲ್ ಸಾಲೇ ತಿರುಗಿಬೀಳುತ್ತದೆ. 2023ರಲ್ಲಿ ನಾಲ್ಕು ಹುದ್ದೆಗೆ ನಾಲ್ಕು ಬೇರೆ ಸಂಘಟನೆಯವರು ಗೆದ್ದರು. ಮರುವರ್ಷ ಅಧ್ಯಕ್ಷ ಸ್ಥಾನ ಪಕ್ಷೇತರನಿಗೆ ಹೋಯಿತು.

ಗಾಡಿ, ದುಡ್ಡು, ತೋಳಬಲ ಇಲ್ಲದೆಯೂ ಈ ಲೆಕ್ಕ ಗೆಲ್ಲಬಹುದು ಎಂದು ತೋರಿಸಿದ್ದು 2018. ಎಡಪಂಥೀಯ ಸಂಘಟನೆ ಎಸ್‌ಎಫ್‌ಎಸ್‌ನ ಕನುಪ್ರಿಯಾ ಆ ಕೌನ್ಸಿಲಿನ ಮೊದಲ ಮಹಿಳಾ ಅಧ್ಯಕ್ಷೆಯಾದರು, ಅಂತರ 719 ಮತ. ಆ ಗುಂಪಿನ ಪ್ರಚಾರವೆಂದರೆ ಡಫಲಿ ಬಾರಿಸುತ್ತ ತರಗತಿಯಿಂದ ತರಗತಿಗೆ ಹೋಗಿ, ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ಮಾತಾಡುವುದು. ಹುಡುಗಿಯರ ಹಾಸ್ಟೆಲ್ಲಿನ ಗೇಟು ರಾತ್ರಿ ಮುಚ್ಚುವ ವಿಚಾರವನ್ನು ಅವರು ಬಿಡಲಿಲ್ಲ. ಧರಣಿ ಕೂತು, ಆ ವರ್ಷದ ಡಿಸೆಂಬರಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಓಡಾಡುವ ಹಕ್ಕು ಪಡೆದರು. ಪಂಜಾಬಿ ಚಿತ್ರಗಳಲ್ಲಿ ಕ್ಯಾಂಪಸ್ಸಿನ ಹುಡುಗಿ ಬಹುಪಾಲು ನಾಯಕನನ್ನು ಬಾಲ್ಕನಿಯಿಂದ ನೋಡುವವಳು. ಆ ಗೇಟಿನ ಮುಂದೆ ಚಳಿಯಲ್ಲಿ ರಜಾಯಿ ಹೊದ್ದು ಕೂತವಳ ಮೇಲೆ ಒಂದು ಪೂರ್ತಿ ಸಿನಿಮಾ ನಿಲ್ಲುತ್ತದೆ.

ಹನ್ನೊಂದರ ನಂತರ ಡಿಆರ್ ಮತಗಳ ಎಣಿಕೆ ವಿಭಾಗದಲ್ಲೇ ಮುಗಿಯುತ್ತದೆ. ಕೌನ್ಸಿಲಿನ ಪೆಟ್ಟಿಗೆಗಳು ಜಿಮ್ನೇಷಿಯಂ ಹಾಲ್‌ಗೆ ಹೋಗುತ್ತವೆ, ಮಧ್ಯಾಹ್ನದಿಂದ ಎಣಿಕೆ. ಮತಪತ್ರ ಬಿಡಿಸಿ, ಹುದ್ದೆವಾರು ವಿಂಗಡಿಸಿ, ಕಟ್ಟು ಕಟ್ಟಬೇಕು. ಒಂದೇ ಹುದ್ದೆಗೆ ಎರಡು ಹೆಸರಿಗೆ ಗುರುತು ಬಿದ್ದ ಪತ್ರ ಕೈಗೆ ಬಂದಾಗ ಏಜೆಂಟರ ಕತ್ತುಗಳೆಲ್ಲ ಒಮ್ಮೆಗೇ ಮುಂದೆ ಬಾಗುತ್ತವೆ. ಅಂತರ ಸಣ್ಣದಾದರೆ ಮರುಎಣಿಕೆ ಕೇಳುತ್ತಾರೆ, ತಿರಸ್ಕೃತ ಮತಗಳ ಕಟ್ಟನ್ನು ಇನ್ನೊಮ್ಮೆ ಬಿಚ್ಚಿ ಅನ್ನುತ್ತಾರೆ. ಹೊರಗೆ ಢೋಲು ಹೆಗಲಿಗೇರಿಸಿದವನು ಯಾರಿಗೆ ಬಾರಿಸಬೇಕೆಂದು ತಿಳಿಯದೆ ಕಾಯುತ್ತಿರುತ್ತಾನೆ.

ಸಂಜೆ ಅಧ್ಯಕ್ಷರ ಹೆಸರು ಬಿದ್ದ ಕೂಡಲೇ ಜನ ಸ್ಟು-ಸಿ ಕಡೆ ಓಡುತ್ತಾರೆ. ಆದರೆ ಹಳೆಯ ಕೈಗಳು ಓಡುವುದಿಲ್ಲ. ಕೌನ್ಸಿಲಿನ ಕಾರ್ಯಕಾರಿ ಸಮಿತಿಯನ್ನು ಆರಿಸುವವರು ಆ ದಿನ ಬೆಳಿಗ್ಗೆ ಗೆದ್ದ ಡಿಆರ್‌ಗಳು. ಅವರಲ್ಲಿ ಅನೇಕರು ಯಾವ ಪಕ್ಷಕ್ಕೂ ಸೇರದವರು, ತಮ್ಮ ವಿಭಾಗದಲ್ಲಿ ಒಳ್ಳೆಯವರೆನಿಸಿಕೊಂಡು ಗೆದ್ದವರು. ಢೋಲು ನಿಲ್ಲುವ ಮೊದಲೇ ಹಾಸ್ಟೆಲ್ ಕೋಣೆಯಲ್ಲಿ ವಿಭಾಗವಾರು ಪಟ್ಟಿ ಮತ್ತೆ ಹೊರಗೆ ಬಂದಿರುತ್ತದೆ, ಮೊದಲ ಡಿಆರ್‌ಗೆ ಫೋನು ಹೋಗಿರುತ್ತದೆ: ಬಾಯಿ, ಊಟ ಆಯಿತಾ?