"ಅವಳ ಹಿಂದೆ ಯಾರಿದಾರೆ?" ಅಂತ ಕೇಳೋರಿಗೆಲ್ಲ ಒಂದೇ ಸಲ

ನಾನಿರೋದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಂದ ತಕ್ಷಣ ಊರಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಆ ಬಾರ್ ಹುಡುಗಿ ನಿಮ್ ಕಡೆಯವಳೇ ಅಲ್ವಾ, ಅವಳ ಹಿಂದೆ ಯಾರಿದಾರೆ?" ಅಂತ. ಹೌದು, ಡೆಮಾಕ್ರಾಟ್ ಪಾರ್ಟಿಯ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ನಮ್ ಏರಿಯಾದವಳೇ, ಕ್ವೀನ್ಸು ಬ್ರಾಂಕ್ಸು ಎರಡರ ತುಂಡು ಸೇರಿರೋ 14ನೇ ಕ್ಷೇತ್ರ. ನಂಗಿಲ್ಲಿ ವೋಟಿಲ್ಲ, ಗ್ರೀನ್ ಕಾರ್ಡ್ ಕ್ಯೂನಲ್ಲಿದೀನಿ, ಆದ್ರೂ ವಕಾಲತ್ತು ಮಾತ್ರ ನಂದೇ.

ಬಾರಲ್ಲಿ ಕೆಲ್ಸ ಮಾಡಿದ್ದು ನಿಜ. 2011ರಲ್ಲಿ ಬೋಸ್ಟನ್ ಯೂನಿವರ್ಸಿಟಿಯಲ್ಲಿ ಎಕನಾಮಿಕ್ಸು, ಇಂಟರ್‌ನ್ಯಾಷನಲ್ ರಿಲೇಷನ್ಸ್ ಡಿಗ್ರಿ ಮಾಡಿದ್ದೂ ನಿಜ, ಅದನ್ನ ಮಾತ್ರ ಯಾರೂ ಕೇಳಲ್ಲ.

ಹೋದ್ ಸಲ ಊರಿಗೆ ಬಂದಾಗ ಒಂದು ಗೃಹಪ್ರವೇಶದ ಪಂಕ್ತೀಲಿ ಪಕ್ಕ ಕೂತಿದ್ದ ಮಾವ ಶುರು ಹಚ್ಕೊಂಡ್ರು. ಅಪ್ಪ ಏನ್ ಮಾಡ್ತಿದ್ದ? ಆರ್ಕಿಟೆಕ್ಟ್ ಮಾವ, 2008ರಲ್ಲೇ ತೀರ್ಕೊಂಡ್ರು. ಅಮ್ಮ? ಮನೆ ಕ್ಲೀನ್ ಮಾಡೋ ಕೆಲ್ಸ, ಸ್ಕೂಲ್ ಬಸ್ ಓಡಿಸೋದು. ಗಂಡ? ಗೆದ್ದಾಗ ಮದ್ವೇನೇ ಆಗಿರ್ಲಿಲ್ಲ. "ಹಂಗಾದ್ರೆ ಯಾವ್ದೋ ದೊಡ್ ಕೈ ಇರ್ಲೇಬೇಕು ಬಿಡು" ಅಂದು ಸಾರು ಹಾಕಿಸ್ಕೊಂಡ್ರು. ಗಂಡಸರ ವಿಷ್ಯದಲ್ಲಿ ಹೀಗೆ ಹೆಂಡ್ತಿವರೆಗೂ ಜಾಲಾಡ್ತೀರಾ ಮಾವ ಅಂತ ಕೇಳ್ಬೇಕಿತ್ತು, ಎದುರಿಗೆ ಅತ್ತೆ ಇದ್ರು, ಸುಮ್ನಾದೆ.

ಸರಿ, ಹಿಂದೆ ಯಾರೂ ಇರ್ಲಿಲ್ಲ ಅಂತೇನೂ ಅಲ್ಲ. 2016ರಲ್ಲಿ ಅಧ್ಯಕ್ಷ ಆಗೋಕೆ ಹೊರಟಿದ್ದ ಬರ್ನಿ ಸ್ಯಾಂಡರ್ಸ್ ಪ್ರಚಾರದಲ್ಲಿದ್ದವರು ಕಟ್ಟಿದ, ಹೊಸ ಅಭ್ಯರ್ಥಿಗಳನ್ನ ಹುಡುಕಿ ನಿಲ್ಸೋ ಜಸ್ಟಿಸ್ ಡೆಮಾಕ್ರಾಟ್ಸ್ ಅನ್ನೋ ಗುಂಪಿತ್ತು, ಅದಕ್ಕೆ ಅವಳ ಹೆಸರು ಕಳ್ಸಿದ್ದು ಅವಳ ತಮ್ಮ. ಆದ್ರೆ ಟಿಕೆಟ್ ಕೊಡೋಕೆ ಇಲ್ಲಿ ಹೈಕಮಾಂಡಿಲ್ಲ, ಪ್ರೈಮರಿ ಅಂತ ಪಾರ್ಟಿಯೊಳಗೇ ಒಂದು ಚುನಾವಣೆ ನಡೆಯುತ್ತೆ, ನ್ಯೂಯಾರ್ಕಲ್ಲಿ ಆ ಪಾರ್ಟಿಗೆ ರಿಜಿಸ್ಟರ್ ಆದೋರಷ್ಟೇ ವೋಟ್ ಹಾಕ್ಬಹುದು. ಎದುರಿಗಿದ್ದ ಜೋ ಕ್ರೌಲಿ 1999ರಿಂದ ಕಾಂಗ್ರೆಸ್ಸಲ್ಲಿ, ಅಂದ್ರೆ ಇಲ್ಲಿನ ಸಂಸತ್ತಲ್ಲಿ, ಇದ್ದೋನು, ಸದನದ ಡೆಮಾಕ್ರಾಟ್‌ಗಳಲ್ಲಿ ನಾಲ್ಕನೇ ದೊಡ್ಡ ತಲೆ, 14 ವರ್ಷದಿಂದ ಪ್ರೈಮರೀಲಿ ಎದುರಾಳಿನೇ ಇಲ್ಲ. ಒಂದು ಡಿಬೇಟಿಗೆ ತಾನು ಬರ್ದೆ ಬೇರೆಯವ್ರನ್ನ ಕಳ್ಸಿದ! ಇವಳು ಶೂ ಸವೆಸ್ಕೊಂಡು ಮನೆ ಬಾಗಿಲು ತಟ್ತಿದ್ಲು. 2018ರ ಜೂನ್ 26ಕ್ಕೆ ಏಳು ಲಕ್ಷ ಜನ ಇರೋ ಕ್ಷೇತ್ರದಲ್ಲಿ ವೋಟ್ ಹಾಕಿದ್ದು ಸುಮಾರು 30 ಸಾವಿರ, ಗೆದ್ದಿದ್ದು 4 ಸಾವಿರದಲ್ಲಿ. ಡೆಮಾಕ್ರಾಟ್ ಕೋಟೆ ಅದು, ನವೆಂಬರ್ ಚುನಾವಣೆ ಬರೀ ಶಾಸ್ತ್ರ. 29ಕ್ಕೇ ಕಾಂಗ್ರೆಸ್ ಸೇರಿದ್ಲು, ಅಲ್ಲಿವರೆಗೆ ಅಷ್ಟು ಚಿಕ್ಕ ವಯಸ್ಸಿನ ಹೆಂಗಸು ಯಾರೂ ಗೆದ್ದಿರ್ಲಿಲ್ಲ.

ಇದನ್ನ ಬಿಟ್ಟು, ಗೆದ್ಮೇಲೆ ಪಾರ್ಟಿಯೊಳಗೆ ಏನಾಯ್ತು ಅಂತ ಯಾರಾದ್ರೂ ಕೇಳಿ ಮಾರಾಯ್ರೆ. 2019ರಲ್ಲಿ ಸೆನೆಟರ್ ಎಡ್ ಮಾರ್ಕಿ ಜೊತೆ ತಂದ, ಹವಾಮಾನ ಬದಲಾವಣೆ ಎದುರಿಸೋ ಗ್ರೀನ್ ನ್ಯೂ ಡೀಲ್ ಅನ್ನೋ ನಿರ್ಣಯದ ಬಗ್ಗೆ ಜಗತ್ತೆಲ್ಲ ಮಾತಾಡ್ತು, ಕಾನೂನಂತೂ ಆಗ್ಲಿಲ್ಲ. 2024ರ ಡಿಸೆಂಬರಲ್ಲಿ ಸರ್ಕಾರದ ಕೆಲ್ಸದ ಮೇಲೆ ಕಣ್ಣಿಡೋ ಓವರ್‌ಸೈಟ್ ಅನ್ನೋ ಸದನದ ಕಮಿಟೀಲಿ ಡೆಮಾಕ್ರಾಟ್‌ಗಳ ಮುಖಂಡ ಸ್ಥಾನಕ್ಕೆ ನಿಂತ್ಲು. ಈ ಸಲ ವೋಟ್ ಹಾಕೋರು ಪಾರ್ಟಿಯ ಬೇರೆ ಸಂಸದರು, ಬಾಗಿಲು ತಟ್ಟಿದ್ರೆ ಆಗಲ್ಲ. 74 ವಯಸ್ಸಿನ, ಕ್ಯಾನ್ಸರ್ ಇದೆ ಅಂತ ಆಗಲೇ ಹೇಳ್ಕೊಂಡಿದ್ದ ಜೆರ್ರಿ ಕಾನಲಿಗೆ 131, ಇವಳಿಗೆ 84. ಮುಂದಿನ ಮೇ ತಿಂಗಳಲ್ಲಿ ಕಾನಲಿ ತೀರ್ಕೊಂಡ್ರು, ಸ್ಥಾನ ಮತ್ತೆ ಖಾಲಿಯಾಯ್ತು, ಇವಳು ನಿಲ್ಲಲೇ ಇಲ್ಲ. ಹಿಂದೆ ಯಾರೋ ದೊಡ್ ಕೈ ಇದೆ ಅಂತೀರಲ್ಲ, ಆ ಕೈ ಅವತ್ತು ಎಲ್ಲಿ ಹೋಗಿತ್ತು ಮಾವ?