ಜಾಮೀನಾದ ಮೇಲೆ ಓದಿಸುವವರು ಯಾರು?

ಹಾಸನದಲ್ಲಿ ಕೈದಿಗಳಿಗೆ ಪಾಠ ಹೇಳಲು ಹೋಗುತ್ತಿದ್ದಾಗಿನ ಮಾತು. ಆಲೂರು ಕಡೆಯ ಹುಡುಗನೊಬ್ಬ ಆ ದಿನ ಪಾಠದ ಪುಸ್ತಕ ಬಿಟ್ಟು ಕಾಗದದ ಕಟ್ಟೊಂದನ್ನು ತಂದಿದ್ದ. ಅವನದೇ ಕೇಸಿನ ಚಾರ್ಜ್‌ಶೀಟ್, ಕೋರ್ಟಿನಲ್ಲಿ ಆರೋಪಿಗೆ ಪುಕ್ಕಟೆ ಕೊಡುವ ಪ್ರತಿ.

"ಮೇಷ್ಟ್ರೇ, ನನ್ ಮೇಲೆ ಏನ್ ಬರ್ದವ್ರೆ ಅಂತ ನಾನೇ ಓದ್ಬೇಕು."

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಶುಂಠಿ ಹೊಲದ ಕೂಲಿಗೆ ಹೋದವನು. ಓದು ಹೆಚ್ಚುಕಡಿಮೆ ಮರೆತೇಹೋಗಿತ್ತು. ಬೆರಳಿಟ್ಟು ಒಂದೊಂದೇ ಸಾಲು ಓದಿದ. ಮಹಜರು ಬರುವ ಹೊತ್ತಿಗೆ ಬೆವರಿದ್ದ. ಆಮೇಲೆ ತಟ್ಟನೆ ತಲೆಯೆತ್ತಿ, "ಅಪ್ಪನ ಹೆಸ್ರು ತಪ್ಪಾಗೈತೆ, ಲಾಯರಿಗೆ ಹೇಳ್ಬೇಕು" ಅಂದ. ಅಲ್ಲಿಯವರೆಗೆ ತನ್ನ ಕೇಸಿನ ಬಗ್ಗೆ ಬೇರೆಯವರು ಹೇಳಿದ್ದನ್ನು ಕೇಳಿಕೊಂಡಿದ್ದವನು ಅವನು. ಅಕ್ಷರ ಮನುಷ್ಯನಿಗೆ ಏನು ಮಾಡುತ್ತದೆ ಎಂದು ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಅದೇ ಮಧ್ಯಾಹ್ನ ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಎಂದು ಕೇಳಿದ. ಕೈದಿಗಳ ಡಿಗ್ರಿ ಓದಿಗೆ ದಾರಿಯಿದೆ. ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1994ರಲ್ಲೇ ದೆಹಲಿಯ ತಿಹಾರ್ ಜೈಲಿನಲ್ಲಿ ಅಧ್ಯಯನ ಕೇಂದ್ರ ತೆರೆಯಿತು, ಕೈದಿಗಳಿಗೆ ಶುಲ್ಕವನ್ನೂ ಬಿಟ್ಟಿದೆ. ಆದರೆ ಏಳಕ್ಕೆ ನಿಂತವನಿಗೆ ಡಿಗ್ರಿ ಎಲ್ಲಿಯ ಮಾತು? ಅವನಿಗೆ ಬೇಕಾದದ್ದು ಹಳೇ ಶಾಲೆಯಿಂದ ದಾಖಲೆ ತರುವವರು, ಪರೀಕ್ಷೆ ಫೀಸು, ಗಣಿತ ಹೇಳಿಕೊಡಲು ಒಬ್ಬ ಮೇಷ್ಟ್ರು, ಪರೀಕ್ಷೆ ದಿನ ಜೊತೆಗೆ ಹೋಗಲು ಪೊಲೀಸರು.

ಇಷ್ಟು ಹೊಂದಿಸುವಷ್ಟರಲ್ಲಿ ಜಾಮೀನಾಯಿತು. ಸಂತೋಷದ ಸುದ್ದಿಯೇ. ಆದರೆ ಒಳಗಿದ್ದಾಗ ಸಿಗುತ್ತಿದ್ದ ಪಾಠ ಗೇಟಿನಾಚೆ ಅವನ ಹಿಂದೆ ಹೋಗಲಿಲ್ಲ. ಮಾರನೆಯ ದಿನವೇ ಕೂಲಿ. ದೇಶದ ಕೈದಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಇವನಂತೆ ವಿಚಾರಣಾಧೀನರು, ಇವತ್ತೋ ನಾಳೆಯೋ ಊರಿಗೆ ಮರಳುವವರು. ಜೈಲಿನ ಓದಿಗೆ ದುಡ್ಡು ತೆಗೆದಿಡುವಾಗ ಇವರ ಲೆಕ್ಕವೇ ಮೊದಲು ಬರಬೇಕು.

ಇದನ್ನು ಹೇಳಿದರೆ ನೆಂಟರೊಬ್ಬರು, "ನಮ್ಮ ಮಕ್ಕಳ ಫೀಸೇ ಕಟ್ಟೋಕಾಗ್ತಿಲ್ಲ, ತಪ್ಪು ಮಾಡ್ದೋರಿಗೆ ಯಾಕೆ?" ಅಂದರು. ಅವರ ಸಂಕಟ ಸುಳ್ಳಲ್ಲ. ಅಮೆರಿಕದಲ್ಲೂ ಇಂಥ ಮಾತೇ ಎದ್ದು 1994ರಲ್ಲಿ ಕೈದಿಗಳಿಗೆ ಕಾಲೇಜು ಓದಿಗೆಂದು ಅಲ್ಲಿನ ಸರ್ಕಾರ ಕೊಡುವ ಪೆಲ್ ಅನುದಾನ ನಿಲ್ಲಿಸಿದ್ದರು. 2023ರ ಜುಲೈನಲ್ಲಿ ಮತ್ತೆ ತೆರೆದರು. ಅಲ್ಲಿನ ರ್‍ಯಾಂಡ್ ಸಂಶೋಧನಾ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿ, ಕೈದಿಗಳ ಓದಿಗೆ ಹಾಕಿದ ಒಂದು ಡಾಲರಿಗೆ ಬಿಡುಗಡೆಯ ನಂತರದ ಮೂರು ವರ್ಷದಲ್ಲಿ ಮರುಸೆರೆವಾಸದ ಖರ್ಚು ನಾಲ್ಕೈದು ಡಾಲರ್ ಉಳಿಯುತ್ತದೆ ಎಂದಿತ್ತು. ನೆಂಟರಿಗೆ ಇದನ್ನೂ ಹೇಳಿದೆ. ಒಪ್ಪಲಿಲ್ಲ, ಆದರೆ ಹುಡುಗನ ಫೀಸು ಎಷ್ಟಾಗುತ್ತದೆ ಎಂದು ವಿಚಾರಿಸಿದರು.

ನಿವೃತ್ತ ಮೇಷ್ಟ್ರುಗಳು ಕೆಲವರು ಸೇರಿ ಅದನ್ನು ಕಟ್ಟುತ್ತಿದ್ದೇವೆ. ಹೀಗೆ ಒಬ್ಬನಿಗೆ ಕಟ್ಟಬಹುದು, ಇಬ್ಬರಿಗೆ ಕಟ್ಟಬಹುದು. ಜಾಮೀನಿನ ಮೇಲೆ ಹೊರಬಂದವರ ಓದು ಮುಂದುವರಿಸಲು ಪ್ರತಿ ತಾಲ್ಲೂಕಿನ ಶಿಕ್ಷಣ ಇಲಾಖೆಯಲ್ಲಿ ಒಬ್ಬರು ಹೊಣೆಗಾರರು, ಅವರ ಕೈಯಲ್ಲಿ ಒಂದಿಷ್ಟು ಹಣ ಇರಲಿ ಎಂದು ಮನವಿ ಬರೆದಿದ್ದೇವೆ. ಸಹಿ ಹಾಕಲು ಬಯಸುವ ಹಾಸನದ ಮೇಷ್ಟ್ರುಗಳು ಜೊತೆಗೆ ಬನ್ನಿ.